ಹರಾಜಿನ ಪಟ್ಟಿಯಲ್ಲಿ ನಮ್ಮ ತಮ್ಮ

ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಡ್ರಾಫ್ಟ್ ಅಂದ್ರೆ ಒಂದೇ ಅರ್ಥ. ಮ್ಯಾನೇಜರ್ ಮೇಲಿನ ಸಿಟ್ಟಿಗೆ ಉದ್ದಕ್ಕೆ ಬರೆದು, ಕಳಿಸೋ ಧೈರ್ಯ ಸಾಲದೆ ಹಾಗೇ ಬಿಟ್ಟ ಮೇಲ್. ನನ್ನ ಇನ್‌ಬಾಕ್ಸ್‌ನಲ್ಲಿ ಅಂಥವು ಹನ್ನೊಂದು ಇವೆ. ಮೊನ್ನೆ ಸಂಜೆಯ ಕಾಲ್‌ನಲ್ಲಿ ಟೊರೊಂಟೊದಲ್ಲಿರುವ ನಮ್ಮ ತಂಡದ ದಾವಣಗೆರೆ ಹುಡುಗ, "ಇವತ್ತು ನಮ್ಮ ಬೀದೀಲಿ ಎಲ್ಲರಿಗೂ ಟೆನ್ಷನ್. ರಾತ್ರಿ ಡ್ರಾಫ್ಟ್ ಇದೆ, ಪಕ್ಕದ ಮನೆ ಹುಡುಗನ ಹೆಸರು ಬರಬಹುದು" ಅಂದಾಗ ನನಗೆ ತಲೆಬುಡ ತಿಳಿಯಲಿಲ್ಲ.

ಕೇಳಿದ ಮೇಲೆ ಗೊತ್ತಾಯಿತು. ಅಲ್ಲಿಯ ಕೆನಡಿಯನ್ ಫುಟ್‌ಬಾಲ್ ಲೀಗ್ ಅಂದ್ರೆ ನಾವು ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್, ಭುಜಕ್ಕೆ ಪ್ಯಾಡು ಕಟ್ಟಿಕೊಂಡು ಮೈಮೇಲೆ ಬಿದ್ದು ಆಡುವ ಆಟ. ಅಮೆರಿಕದವರ ಆಟಕ್ಕೆ ದಾಯಾದಿ ಅನ್ನಿ. ಇವರದು 110 ಗಜದ ಮೈದಾನ, ತಂಡಕ್ಕೆ 12 ಜನ. ಲೀಗ್‌ನಲ್ಲಿ 9 ತಂಡ. ಪ್ರತಿ ವರ್ಷ ಬೇಸಿಗೆ ಶುರುವಾಗೋ ಮುಂಚೆ ಕಾಲೇಜು, ಯೂನಿವರ್ಸಿಟಿಗಳಲ್ಲಿ ಆಡುತ್ತಿರುವ ಕೆನಡಾದ ಹುಡುಗರನ್ನು ಈ ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಯಾರೂ ಬೆಲೆ ಕೂಗೋ ಹಾಗಿಲ್ಲ. ಹೋದ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಕಪ್ ಗೆದ್ದವರಿಗೆ ಕೊನೆಯದು. ಹೀಗೆ ಎಂಟು ಸುತ್ತು.

ಸೋತವನಿಗೇ ಮೊದಲ ತಟ್ಟೆ! ನಮ್ಮ ಕಡೆ ಮದುವೆ ಊಟದ ಪಂಕ್ತಿಯಲ್ಲೂ ಇಷ್ಟು ನ್ಯಾಯ ಇರೋದಿಲ್ಲ.

ಆ ಕಾಲ್ ಮುಗಿದ ಮೇಲೆ ನನಗೆ ನೆನಪಾದದ್ದು ಹೋದ ಜುಲೈ ತಿಂಗಳ ಒಂದು ಸಂಜೆ, ನಮ್ಮ ಕಾಕಾನ ಮನೆಯ ಪಡಸಾಲೆ.

ಕಾಕಾನ ಮಗ ಎಡಗೈ ಸ್ಪಿನ್ನರ್. ನನಗಿಂತ ಒಂಬತ್ತು ವರ್ಷ ಸಣ್ಣವನು. ಬಿ.ಕಾಂ. ಓದುವಾಗ ಕರ್ನಾಟಕ ಯೂನಿವರ್ಸಿಟಿ ತಂಡಕ್ಕೆ ಆಡಿ 'ಬ್ಲೂ' ಆದವನು. ಧಾರವಾಡ ವಲಯದ ಪಂದ್ಯಗಳು, ಬೆಂಗಳೂರಿನಲ್ಲಿ ಒಂದು ಕ್ಲಬ್‌ಗೆ ಡಿವಿಷನ್ ಲೀಗ್ ಅಂತ ಎರಡು ವರ್ಷ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲೇ ಅರ್ಧ ಸಂಸಾರ ಮಾಡಿದ. ರಾತ್ರಿ ಹತ್ತಿ ಬೆಳಿಗ್ಗೆ ಇಳಿದು, ಮೈದಾನಕ್ಕೆ ಹೋಗಿ, ಹತ್ತು ಓವರ್ ಹಾಕಿ, ಮತ್ತೆ ರಾತ್ರಿ ಅದೇ ರೈಲು. ಆ ವರ್ಷ ಮಹಾರಾಜ ಟ್ರೋಫಿ ಟಿ20ಯ ಆಟಗಾರರ ಹರಾಜಿಗೆ ಅವನ ಹೆಸರೂ ಹೋಗಿತ್ತು.

"ಅಣ್ಣಾ, ಲಿಸ್ಟ್‌ನ್ಯಾಗ ನನ್ನ ಹೆಸರು ಐತಿ" ಅಂತ ಅವನು ಫೋನ್ ಮಾಡಿದಾಗ ನಾನು ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿದ್ದೆ. ಮ್ಯೂಟ್ ಮಾಡೋದು ಮರೆತು "ಭಲೇ ಮಗನ!" ಅಂದಿದ್ದೆ. ಹತ್ತು ಜನ ಕೇಳಿಸಿಕೊಂಡರು.

ಹರಾಜು ನಡೆದದ್ದು ಬೆಂಗಳೂರಿನಲ್ಲಿ. ನಾವು ಇಲ್ಲಿ ಫೋನ್ ಹಿಡಿದು ಕೂತಿದ್ದೆವು. ಕಾಕು ಗಿರ್ಮಿಟ್ ಕಲಸಿಟ್ಟಿದ್ದರು, ಬಿಸಿ ಮಿರ್ಚಿ ಬೇರೆ. ಹುಬ್ಬಳ್ಳಿ ಟೈಗರ್ಸ್ ದೇವದತ್ತ ಪಡಿಕ್ಕಲ್ ಅವರನ್ನು 13.20 ಲಕ್ಷಕ್ಕೆ ತಗೊಂಡ ಸುದ್ದಿ ಬಂದಾಗ ನಮ್ಮ ಓಣಿಯ ವಾಟ್ಸಾಪ್ ಗ್ರೂಪ್ ತುಂಬ ಹುಲಿ ಮುಖಗಳು. ಅಭಿನವ್ ಮನೋಹರ್ 12.20 ಲಕ್ಷ, ಅದೂ ನಮ್ಮದೇ ತಂಡ. ಮತ್ತಷ್ಟು ಹುಲಿಗಳು. ತಮ್ಮ ಮಾತ್ರ ಸ್ಕ್ರೀನ್ ಕೆಳಗೆ ಎಳೆದು ಎಳೆದು ಬಿಡುತ್ತಿದ್ದ. ಪ್ರತಿ ಸಲ ರಿಫ್ರೆಶ್ ಆದಾಗ ಆ ಸಣ್ಣ ಚಕ್ರ ತಿರುಗುತ್ತಲ್ಲ, ಅಷ್ಟು ಹೊತ್ತು ಪಡಸಾಲೆಯಲ್ಲಿ ಯಾರೂ ಅಗಿಯುತ್ತಿರಲಿಲ್ಲ.

ರಾತ್ರಿ ತಂಡಗಳ ಪೂರ್ತಿ ಪಟ್ಟಿ ಬಂತು. ಆರೂ ತಂಡ ಎರಡೆರಡು ಸಲ ನೋಡಿದೆವು. ಗಿರ್ಮಿಟ್ ಮೆತ್ತಗಾಗಿತ್ತು.

ನಮ್ಮ ಕಾಕಾ ಅಮರಗೋಳ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ಮೂವತ್ತು ವರ್ಷ ಉಳ್ಳಾಗಡ್ಡಿ, ಹತ್ತಿ, ಮೆಣಸಿನಕಾಯಿ ಹರಾಜು ನೋಡಿದವರು. ಸಮಾಧಾನ ಮಾಡೋಕೆ ಅಂತಲೇ ಅಂದರು, "ಮಾಲು ಹೋಗ್ಲಿಲ್ಲ ಅಂದ್ರ ರಾತ್ರಿ ತಾಡಪತ್ರಿ ಹೊಚ್ಚಿ ನಾಳೆ ಮತ್ತ ಇಡೋದಪಾ. ಅದಕ್ಯಾಕ ಇಷ್ಟ ಮಾರಿ ಸಣ್ಣ ಮಾಡ್ತಿ?"

"ನಾ ಮೆಣಸಿನಕಾಯಿ ಅಲ್ಲಪ್ಪಾ" ಅಂದ ತಮ್ಮ.

ಅವತ್ತು ಯಾರೂ ಮಾತು ಮುಂದುವರಿಸಲಿಲ್ಲ. ಆದರೆ ಕಾಕಾ ಒಂದು ವಾರ ಬಿಟ್ಟು ನನ್ನ ಹತ್ತಿರ ಹೇಳಿದ್ದು ಬೇರೆಯೇ. "ಮೆಣಸಿನಕಾಯಿ ಪರವಾಗಿಲ್ಲೋ. ರೇಟು ಸೇರಲಿಲ್ಲ ಅಂದ್ರ ರೈತ ಕೊಡಂಗಿಲ್ಲ ಅಂತಾನ, ಚೀಲ ಹೊತ್ಕೊಂಡು ಹೋಗ್ತಾನ. ಇವನಿಗೆ ಆ ಅಧಿಕಾರನೂ ಇಲ್ಲ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಡ್ರಾಫ್ಟ್ ಅನ್ನೋದು ಏನು, ಹರಾಜು ಅನ್ನೋದು ಏನು, ಎರಡರಲ್ಲಿ ಹುಡುಗನಿಗೆ ಯಾವುದು ಮೇಲು ಅಂತ ಓದುತ್ತಾ ಹೋದೆ. ನಮ್ಮ ಕ್ರಿಕೆಟ್‌ನಲ್ಲೂ ಡ್ರಾಫ್ಟ್ ನಡೆದಿದೆ, ಅದು ನಿಮಗೆಲ್ಲ ಗೊತ್ತಿರೋ ಕಥೆಯ ಒಳಗೇ ಇದೆ.

2008ರ ಫೆಬ್ರವರಿ 20ರಂದು ಮುಂಬೈನಲ್ಲಿ ಮೊದಲ ಐಪಿಎಲ್ ಹರಾಜು. ಧೋನಿಗೆ 15 ಲಕ್ಷ ಡಾಲರ್. ಇದು ಎಲ್ಲರಿಗೂ ನೆನಪಿದೆ. ಅದಾದ ಮೇಲೆ ಮಾರ್ಚ್ ತಿಂಗಳಲ್ಲಿ ನಮ್ಮ 19ರ ಒಳಗಿನ ಹುಡುಗರು ಮಲೇಷ್ಯಾದಲ್ಲಿ ವಿಶ್ವಕಪ್ ಗೆದ್ದು ಬಂದರು. ಆ ಹುಡುಗರನ್ನು ಹರಾಜಿಗೆ ನಿಲ್ಲಿಸಲಿಲ್ಲ. ಸಂಭಾವನೆ ಮೊದಲೇ ನಿಗದಿ ಮಾಡಿ, ಫ್ರಾಂಚೈಸಿಗಳು ಸರದಿ ಪ್ರಕಾರ ಆರಿಸಿಕೊಳ್ಳುವ ಡ್ರಾಫ್ಟ್ ಇಟ್ಟರು. ಡೆಲ್ಲಿಯವರಿಗೆ ತಮ್ಮೂರಿನವನೇ ಆದ ಕ್ಯಾಪ್ಟನ್ ಎದುರಿಗೇ ಇದ್ದ. ಅವರು ಅವನನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿದರು. ಸೆಹ್ವಾಗ್, ಗಂಭೀರ್ ಇರೋ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಯಾಕೆ ಅನ್ನೋದು ಲೆಕ್ಕ. ಬಿಟ್ಟುಹೋದ ಆ ಹುಡುಗನನ್ನು ಬೆಂಗಳೂರು ತಗೊಂಡಿತು. 30 ಸಾವಿರ ಡಾಲರ್, ಆಗಿನ ಲೆಕ್ಕಕ್ಕೆ ಸುಮಾರು 12 ಲಕ್ಷ ರೂಪಾಯಿ. ವಿರಾಟ್ ಕೊಹ್ಲಿ.

ಡೆಲ್ಲಿಯವರನ್ನು ನೋಡಿ ನಾವು ನಗುತ್ತೇವೆ. ನಾನೂ ಬೇಕಾದಷ್ಟು ಮೀಮ್ ಫಾರ್ವರ್ಡ್ ಮಾಡಿದ್ದೇನೆ. ಆದರೆ ಆ ದಿನದ ಮಟ್ಟಿಗೆ ಅವರ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಅವರು ಹುಡುಗನ ಕಡೆ ನೋಡಲಿಲ್ಲ, ತಮ್ಮ ತಂಡದ ತೂತಿನ ಕಡೆ ನೋಡಿದರು. ಹರಾಜಾಗಲಿ, ಡ್ರಾಫ್ಟ್ ಆಗಲಿ, ಎಲ್ಲರೂ ಮಾಡೋದು ಅದನ್ನೇ.

ಅದೇ ವಿಶ್ವಕಪ್ ತಂಡದಲ್ಲಿದ್ದ ನಮ್ಮ ಮನೀಷ್ ಪಾಂಡೆ ಮೊದಲ ವರ್ಷ ಮುಂಬೈ ಪಾಲಾದರು. ಮರುವರ್ಷ ಆರ್‌ಸಿಬಿಗೆ ಬಂದು, ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಅನ್ನಿಸಿಕೊಂಡರು. 2023ರಲ್ಲಿ ಹುಬ್ಬಳ್ಳಿ ಟೈಗರ್ಸ್ ಮಹಾರಾಜ ಟ್ರೋಫಿ ಗೆದ್ದಾಗ ಕ್ಯಾಪ್ಟನ್ ಅವರೇ. ಫೈನಲ್‌ನಲ್ಲಿ ಮೈಸೂರಿನ ಮೇಲೆ 8 ರನ್. ಆ ರಾತ್ರಿ ಚೆನ್ನಮ್ಮ ಸರ್ಕಲ್ ಕಡೆಯಿಂದ ಮನೆಗೆ ಬರೋಕೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು.

ಡ್ರಾಫ್ಟ್‌ನ ಮೂಲ ಹುಡುಕಿದರೆ ಅಮೆರಿಕಕ್ಕೆ ಹೋಗಬೇಕು. 1935ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್‌ಗೆ ಸಾಕುಸಾಕಾಗಿತ್ತು. ಒಳ್ಳೆ ಕಾಲೇಜು ಹುಡುಗರೆಲ್ಲ ದುಡ್ಡಿದ್ದ ತಂಡಕ್ಕೆ ಹೋಗೋರು, ಬೆಲ್ ತಂಡ ಸೋಲೋದು, ಸೋತ ತಂಡಕ್ಕೆ ಜನ ಬರೋದಿಲ್ಲ, ದುಡ್ಡಿಲ್ಲ. ಕೆಟ್ಟ ತಂಡಕ್ಕೆ ಮೊದಲ ಆಯ್ಕೆ ಸಿಗಲಿ ಅಂತ ಸಲಹೆ ಇಟ್ಟ. ಎಲ್ಲರೂ ಒಪ್ಪಿದರು. 1936ರಲ್ಲಿ ಮೊದಲ ಡ್ರಾಫ್ಟ್, ಅದರ ಮೊದಲ ಆಯ್ಕೆ ಬೆಲ್‌ನದ್ದೇ. ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರ ಜೇ ಬರ್ವಾಂಗರ್.

ಈ ಬರ್ವಾಂಗರ್ ಕೊನೆಗೂ ವೃತ್ತಿಪರ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡಲಿಲ್ಲ. ಕೇಳಿದಷ್ಟು ಸಂಬಳ ಸಿಗಲಿಲ್ಲ. ಷಿಕಾಗೋದ ಒಂದು ರಬ್ಬರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ಡ್ರಾಫ್ಟ್ ಇತಿಹಾಸದ ಮೊಟ್ಟಮೊದಲ ಹೆಸರೇ "ನನಗೆ ಬ್ಯಾಡ" ಅಂದುಬಿಟ್ಟಿದೆ! ನಮ್ಮ ಕಾಕಾ ಹೇಳಿದ, ಚೀಲ ಹೊತ್ಕೊಂಡು ಹೋದ ರೈತ ಇವನೇ ನೋಡಿ. ಇದನ್ನು ಕಾಕಾಗೆ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. "ರಬ್ಬರ್ ಕಂಪನ್ಯಾಗ ಪಿಂಚಣಿ ಇತ್ತೇನು?" ಅಂತ ಕೇಳಿದರು.

ಕೆನಡಾದವರ ಒಂದು ವಿಷಯ ನನಗೆ ಇನ್ನೂ ಹಿಡಿಸಿತು. ಅಲ್ಲಿ ಆರಿಸಲ್ಪಟ್ಟ ಹುಡುಗನಿಗೆ ಕಾಲೇಜಿನಲ್ಲಿ ಆಡುವ ಅವಧಿ ಇನ್ನೂ ಉಳಿದಿದ್ದರೆ, ಮರಳಿ ಹೋಗಿ ಕೊನೆಯ ವರ್ಷ ಓದಿ, ಆಡಿ ಬರಬಹುದು. ಅವನ ಮೇಲಿನ ಹಕ್ಕು ತಂಡದ ಹತ್ತಿರವೇ ಇರುತ್ತದೆ. ತಂಡದಲ್ಲಿ ಇಂತಿಷ್ಟು ಜನ ಕೆನಡಾದವರೇ ಇರಬೇಕು ಅನ್ನೋ ನಿಯಮ ಇದೆ, ಇಲ್ಲದಿದ್ದರೆ ಪಕ್ಕದ ಅಮೆರಿಕದವರೇ ತುಂಬಿಕೊಂಡುಬಿಡುತ್ತಾರೆ. ಹಿಂದೆ ಒಂದು ಕಾಲದಲ್ಲಿ ಡ್ರಾಫ್ಟ್‌ಗೆ ಮುಂಚೆಯೇ ತನ್ನ ಸೀಮೆಯ ಹುಡುಗರನ್ನು ಕಾದಿರಿಸಿಕೊಳ್ಳುವ ಹಕ್ಕೂ ತಂಡಗಳಿಗಿತ್ತು.

ಇದಕ್ಕೆ ಹತ್ತಿರದ್ದು ನಮ್ಮಲ್ಲೂ ಇದೆ. ಮಹಾರಾಜ ಟ್ರೋಫಿಯಲ್ಲಿ ತಂಡ ತನ್ನ ವಲಯದ ಕನಿಷ್ಠ ಇಬ್ಬರನ್ನು ಸೇರಿಸಿಕೊಳ್ಳಬೇಕು. ಇಬ್ಬರು! ಹುಬ್ಬಳ್ಳಿ ಅಂತ ಎದೆ ಮೇಲೆ ಬರೆದುಕೊಂಡ ತಂಡದಲ್ಲಿ ಹುಬ್ಬಳ್ಳಿ ಕಡೆಯ ಹುಡುಗರಿಗೆ ಖಾತ್ರಿ ಇರೋ ಜಾಗ ಎರಡು. ಅದೂ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಎರಡೂ ದೊಡ್ಡದೇ. ಧಾರವಾಡ ವಲಯ ಅಂದ್ರೆ ಎಷ್ಟು ಊರು, ಎಷ್ಟು ಮೈದಾನ, ಎಷ್ಟು ಎಡಗೈ ಸ್ಪಿನ್ನರ್‌ಗಳು, ನೀವೇ ಲೆಕ್ಕ ಹಾಕಿ.

ಇನ್ನೊಂದು ಸಂಗತಿ ಬಹಳ ಜನ ಮರೆತಿದ್ದಾರೆ. ಹಳೇ ಕೆಪಿಎಲ್ 2019ರ ಫಿಕ್ಸಿಂಗ್ ಪ್ರಕರಣದ ನಂತರ ನಿಂತುಹೋಗಿ, 2022ರಲ್ಲಿ ಮಹಾರಾಜ ಟ್ರೋಫಿ ಹೆಸರಲ್ಲಿ ಲೀಗ್ ಮತ್ತೆ ಶುರುವಾದಾಗ ಮೊದಲ ವರ್ಷ ಹರಾಜು ಇರಲಿಲ್ಲ. ಆಟಗಾರರನ್ನು ವರ್ಗಗಳಾಗಿ ವಿಂಗಡಿಸಿ, ವರ್ಗಕ್ಕೆ ಇಷ್ಟು ಅಂತ ಸಂಭಾವನೆ ಗೊತ್ತು ಮಾಡಿ, ಡ್ರಾಫ್ಟ್ ಮೂಲಕವೇ ತಂಡ ಕಟ್ಟಿದ್ದರು. 2023ರಿಂದ ಹರಾಜು ಬಂತು. ಆ ವರ್ಷ ಅಭಿನವ್ ಮನೋಹರ್‌ಗೆ ಶಿವಮೊಗ್ಗದವರು 15 ಲಕ್ಷ ಕೊಟ್ಟರು, ಪೇಪರ್‌ಗಳಿಗೆ ಹೆಡ್‌ಲೈನ್ ಸಿಕ್ಕಿತು.

ನನ್ನ ಮಟ್ಟಿಗೆ ಹೇಳೋದಾದ್ರೆ, ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ಹುಡುಗರೇ ತುಂಬಿರೋ ರಾಜ್ಯಮಟ್ಟದ ಲೀಗ್‌ಗೆ ಡ್ರಾಫ್ಟೇ ಚಂದ. ಸೋತ ತಂಡ ಮೊದಲು ಆರಿಸಲಿ. ಹುಡುಗನ ತಲೆ ಮೇಲೆ ರೇಟಿನ ಚೀಟಿ ಬೇಡ. ಓಣಿಯಲ್ಲಿ ಹಾಲಿನವನು "ನಿಮ್ಮ ಹುಡುಗ ಎಷ್ಟಕ್ಕ ಹೋದ?" ಅಂತ ಕೇಳೋದು ಬೇಡ. ನಮ್ಮ ಕಾಕುಗೆ ಆ ಪ್ರಶ್ನೆ ಒಂದು ತಿಂಗಳು ಬಂತು. ಹೋಗಿಲ್ಲ ಅನ್ನೋದನ್ನು ಅವರು ದಿನಕ್ಕೊಂದು ರೀತಿ ಹೇಳಿದರು.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ಒಪ್ಪಲಿಲ್ಲ.

"ಅಣ್ಣಾ, ನೀ ಹೇಳೋದು ಅನ್‌ಸೋಲ್ಡ್ ಆದವನ ಮಾತು. ಹೋದವನಿಗೆ ಕೇಳು. ಡ್ರಾಫ್ಟ್‌ನ್ಯಾಗ ಐವತ್ತು ಸಾವಿರದ ವರ್ಗ ಅಂದ್ರ ಐವತ್ತು ಸಾವಿರ ಅಷ್ಟ. ಹರಾಜಿನ್ಯಾಗ ಇಬ್ಬರು ಕೈ ಎತ್ತಿದ್ರ ಐದು ಲಕ್ಷ ಆಗಬಹುದು. ಅಪ್ಪನ ಸಾಲ ತೀರ್ತಿತ್ತು."

ಎಂಜಿನಿಯರಿಂಗ್ ಓದಿದವನು ನಾನು, ಲೆಕ್ಕದಲ್ಲಿ ಬಿ.ಕಾಂ. ಹುಡುಗನ ಹತ್ತಿರ ಸೋತೆ. ಅವನು ಹೇಳೋದು ನಿಜ. 2022ರ ಐಪಿಎಲ್ ಹರಾಜಿನಲ್ಲಿ ಇದೇ ಅಭಿನವ್ ಮನೋಹರ್ 20 ಲಕ್ಷದಿಂದ ಶುರುವಾಗಿ 2.6 ಕೋಟಿಗೆ ಹೋದರು. ಡ್ರಾಫ್ಟ್‌ನಲ್ಲಿ ಆ ಏಣಿ ಇಲ್ಲ. ಅಮೆರಿಕದಲ್ಲೂ ಮಾಲೀಕರು ಡ್ರಾಫ್ಟ್‌ಗೆ ಕುಣಿದು ಒಪ್ಪಿದ್ದು ಬರೀ ನ್ಯಾಯದ ಮೇಲಿನ ಪ್ರೀತಿಯಿಂದ ಅಲ್ಲ. ಒಬ್ಬ ಹುಡುಗನಿಗೆ ನಾಲ್ಕು ತಂಡ ಪೈಪೋಟಿ ಮಾಡೋದು ತಪ್ಪಿದರೆ ಸಂಬಳ ಏರೋದೂ ತಪ್ಪುತ್ತದಲ್ಲ.

ನನ್ನದೇ ಕಥೆ ತಗೊಳ್ಳಿ. ನಾನು ಆರಿಸಲ್ಪಟ್ಟದ್ದೂ ಹೆಚ್ಚುಕಡಿಮೆ ಡ್ರಾಫ್ಟ್‌ನಲ್ಲೇ. ಕ್ಯಾಂಪಸ್ ಪ್ಲೇಸ್‌ಮೆಂಟ್ ಅಂತ ನಾವು ಕರೀತೇವೆ ಅಷ್ಟೇ. ಯಾವ ಕಂಪನಿ ಮೊದಲ ದಿನ ಬರಬೇಕು, ಯಾವುದು ಆಮೇಲೆ, ಒಂದು ಆಫರ್ ಸಿಕ್ಕವನು ಇನ್ನೊಂದಕ್ಕೆ ಕೂರೋ ಹಾಗಿಲ್ಲ, ಪ್ಯಾಕೇಜ್ ಎಲ್ಲರಿಗೂ ಒಂದೇ. ನಮ್ಮ ಬ್ಯಾಚ್‌ನಲ್ಲಿ ಒಂದು ಕಂಪನಿ ಒಂದೇ ದಿನ ಎಂಬತ್ತು ಜನರನ್ನು ಎತ್ತಿಕೊಂಡಿತು. ಅದರಲ್ಲಿ ನಾನೂ ಒಬ್ಬ. ನನ್ನ ಕೋಡಿಂಗ್ ನೋಡಿ ತಗೊಂಡರು ಅಂತ ಅಪ್ಪ ಪೇಢಾ ಹಂಚಿದರು. ನಿಜವೇನಂದ್ರೆ, ಅವರಿಗೆ ಆ ವರ್ಷ ದೊಡ್ಡ ಪ್ರಾಜೆಕ್ಟ್ ಸಿಕ್ಕಿತ್ತು, ತಲೆ ಬೇಕಿತ್ತು. ಮರುವರ್ಷ ಅದೇ ಕಂಪನಿ ಬರಲೇ ಇಲ್ಲ. ನನ್ನ ಜೂನಿಯರ್ಸ್‌ನಲ್ಲಿ ನನಗಿಂತ ಬುದ್ಧಿವಂತರು ಎಷ್ಟೋ ಜನ ಇದ್ದರು. ಅವರು ಹುಟ್ಟಿದ್ದು ಒಂದು ವರ್ಷ ತಡ.

'ಅನ್‌ಸೋಲ್ಡ್' ಅನ್ನೋ ಪದದ ಬಗ್ಗೆ ತಮ್ಮನಿಗೆ ನಾನು ಹೇಳಿದ ಇನ್ನೊಂದು ಕಥೆಗೆ ಮಾತ್ರ ಅವನು ವಾದ ಮಾಡಲಿಲ್ಲ. ಆರ್‌ಸಿಬಿ ಕಥೆ, ಯಾರು ವಾದ ಮಾಡ್ತಾರೆ? 2024ರ ನವೆಂಬರ್‌ನಲ್ಲಿ ಜೆದ್ದಾದಲ್ಲಿ ಐಪಿಎಲ್ ಮೆಗಾ ಹರಾಜು. ಪಡಿಕ್ಕಲ್ ಹೆಸರು ಮೊದಲ ಸಲ ಕರೆದಾಗ ಯಾರೂ ಕೈ ಎತ್ತಲಿಲ್ಲ. ಎರಡನೇ ಸಲ ಕರೆದಾಗ ಆರ್‌ಸಿಬಿ ಮೂಲ ಬೆಲೆ 2 ಕೋಟಿಗೆ ತಗೊಂಡಿತು. ಮಯಾಂಕ್ ಅಗರ್ವಾಲ್ ಅವರನ್ನಂತೂ ಯಾರೂ ಕೇಳಲೇ ಇಲ್ಲ. ಎರಡು ವರ್ಷದ ಹಿಂದಿನ ಹರಾಜಿನಲ್ಲಿ 8.25 ಕೋಟಿಗೆ ಹೋದ ಮನುಷ್ಯ. ಮುಂದೆ ಸೀಸನ್ ಮಧ್ಯೆ ಪಡಿಕ್ಕಲ್ ಗಾಯಗೊಂಡರು, ಅವರ ಜಾಗಕ್ಕೆ ಕರೆಸಿಕೊಂಡದ್ದು ಮಯಾಂಕ್ ಅವರನ್ನೇ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ, ಹದಿನೆಂಟು ವರ್ಷ ಕಾದ ಆ ಫೈನಲ್‌ನಲ್ಲಿ ಮಯಾಂಕ್ ಆಡಿ 24 ರನ್ ಹೊಡೆದರು.

"ಅಂದ್ರ ಯಾರರ ಕಾಲು ಮುರೀಲಿ ಅಂತ ಕಾಯಬೇಕೇನು?" ಅಂದ ತಮ್ಮ. ನಕ್ಕ ಮಾತ್ರ. ಜುಲೈ ನಂತರ ಅವನು ನಕ್ಕದ್ದು ನೋಡಿದ್ದು ಅವತ್ತೇ.

ಹರಾಜಿಗೂ ಮೊದಲು, ಡ್ರಾಫ್ಟಿಗೂ ಮೊದಲು ನಮ್ಮ ಕಡೆಯವರು ಹೇಗೆ ಆಯ್ಕೆ ಆಗುತ್ತಿದ್ದರು ಅಂದ್ರೆ, ಸುನಿಲ್ ಜೋಶಿ ಇದ್ದಾರಲ್ಲ. ಗದಗಿನವರು. ಪ್ರಾಕ್ಟೀಸ್‌ಗೆ ಅಂತ ನಸುಕಿನಲ್ಲೇ ಎದ್ದು ಹುಬ್ಬಳ್ಳಿಗೆ ಬರೋದು, ಸಾಲಿ ಗಂಟೆ ಹೊಡೆಯೋದರೊಳಗೆ ಮರಳಿ ಗದಗು ಮುಟ್ಟೋದು. ಒಂದು ಕಡೆಗೇ ಸುಮಾರು 60 ಕಿಲೋಮೀಟರ್. ಅವರೂ ಎಡಗೈ ಸ್ಪಿನ್ನರ್. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ತಮ್ಮನ ಕಿಟ್ ಬ್ಯಾಗಿನ ಒಳಗೆ ಈ ನಾಲ್ಕು ಅಂಕಿಯನ್ನು ಮಾರ್ಕರ್ ಪೆನ್ನಿನಲ್ಲಿ ಬರೆದುಕೊಂಡಿದ್ದಾನೆ. ಹೆಸರು ಬರೆದಿಲ್ಲ, ಬರೀ 10-6-6-5. ಒಮ್ಮೆ ಕಾಕು ಇದನ್ನು ಯಾರದೋ ಫೋನ್ ನಂಬರ್ ಅಂದುಕೊಂಡು ದೊಡ್ಡ ವಿಚಾರಣೆಯೇ ಆಗಿತ್ತು.

ಜೋಶಿಯವರ ಕಾಲದಲ್ಲಿ ಒಂದೇ ಬಾಗಿಲು ಇತ್ತು, ಈಗ ಲೀಗ್ ಅನ್ನೋ ಇನ್ನೊಂದು ಬಾಗಿಲು ಬಂದಿದೆ ಅನ್ನೋದೂ ನಿಜ. ಬಾಗಿಲು ಬೆಂಗಳೂರಿನಲ್ಲೇ ಇದೆ ಅನ್ನೋದೂ ನಿಜ. ರಾಜನಗರದ ಮೈದಾನದಲ್ಲಿ 2024ರ ಜನವರಿಯಲ್ಲಿ ಪಂಜಾಬ್ ವಿರುದ್ಧ ರಣಜಿ ಪಂದ್ಯ ನಡೆದಾಗ ನಾನು, ತಮ್ಮ ಹೋಗಿ ನೋಡಿದ್ದೆವು. ಪಡಿಕ್ಕಲ್ 193, ಪಾಂಡೆ 118. ಇಡೀ ದಿನ ತಮ್ಮ ಬ್ಯಾಟಿಂಗ್ ನೋಡಲಿಲ್ಲ, ಪಿಚ್ ನೋಡುತ್ತಿದ್ದ. "ಈ ತುದಿಯಿಂದ ನಾ ಹಾಕಿದ್ರ ತಿರುಗ್ತದ ಅಣ್ಣಾ" ಅಂದಿದ್ದ. ಮನೆಯಿಂದ ಆ ಪಿಚ್ ಹತ್ತು ನಿಮಿಷದ ದಾರಿ.

ಈಗ ಅವನ ಮುಂದೆ ಎರಡು ದಾರಿ. ನಮ್ಮೂರು ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರೋ ಊರು, ಕ್ರೀಡಾ ಕೋಟಾದ ನೇಮಕಾತಿ ಇಲ್ಲಿ ಹುಡುಗರಿಗೆಲ್ಲ ಗೊತ್ತು. ಅದು ಸಿಕ್ಕರೆ ತಿಂಗಳಿಗೆ ಸಂಬಳ, ಕ್ವಾರ್ಟರ್ಸ್, ಕಾಕಾ ಕೇಳಿದ ಪಿಂಚಣಿಯ ಪ್ರಶ್ನೆಗೂ ಒಂದು ಉತ್ತರ. ಆಟವನ್ನೂ ಬಿಡಬೇಕಿಲ್ಲ, ಆದರೆ ಆಡೋದು ರೈಲ್ವೆಗೆ. ಇನ್ನೊಂದು ದಾರಿ ಮತ್ತೊಂದು ವರ್ಷ ಚೆನ್ನಮ್ಮ ಎಕ್ಸ್‌ಪ್ರೆಸ್, ಡಿವಿಷನ್ ಲೀಗ್, ಮತ್ತೊಂದು ಪಟ್ಟಿ. ಕಾಕಾ ಏನೂ ಹೇಳುತ್ತಿಲ್ಲ. ಹೇಳದೇ ಇರೋದರಲ್ಲೇ ಹೇಳುತ್ತಿದ್ದಾರೆ.

ಹೋದ ಭಾನುವಾರ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದ. ರೈಲ್ವೆ ಫಾರ್ಮ್ ತುಂಬಬೇಕಿತ್ತು. ನಮ್ಮ ಓದಿಗೆ ಮನೆಯಲ್ಲಿ ಇರೋ ಬೆಲೆ ಇಂಥ ಕೆಲಸಕ್ಕೇ. ಫೋಟೋ ಸೈಜು ಜಾಸ್ತಿ ಅಂತ ಮೂರು ಸಲ ತಿರಸ್ಕಾರ ಆಯಿತು, ಸಣ್ಣದು ಮಾಡಿ ಕೊಟ್ಟೆ. ಯೂನಿವರ್ಸಿಟಿ ಬ್ಲೂ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಹಾಕಿದೆವು. ಸಬ್‌ಮಿಟ್ ಒತ್ತಿದ ಮೇಲೆ ಅವನು ಲ್ಯಾಪ್‌ಟಾಪ್ ಮುಚ್ಚುತ್ತಾನೆ ಅಂದುಕೊಂಡೆ.

ಮುಚ್ಚಲಿಲ್ಲ. "ಅಣ್ಣಾ, ಈ ಸಲದ ಹರಾಜಿಗೂ ಹೆಸರು ಕೊಡ್ತೀನಿ. ಕೇಳಿದ್ರ ತುಂಬಾಕ ಬರ್ತೀಯಲ್ಲ?"

"ಬರ್ತೀನಿ. ಫೋಟೋ ಇದನ್ನ ಹಾಕಿದ್ರಾತು, ಸೈಜು ಸರಿ ಮಾಡೀನಲ್ಲ."

"ಬ್ಯಾಡ. ಇದು ಹೋದ ವರ್ಷದ್ದು" ಅಂದ. "ಬ್ಯಾರೆ ತೆಗಿಸ್ತೀನಿ."